ಮನೆಯ ಲಿನಕ್ಸ್: ಓಣಿ, ಅಗಸಿ ಮತ್ತು ಆಟ

ಲಿನಕ್ಸ್ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಸರ್ವರ್ ಕಡೆ ಕೈ ತೋರಿಸುತ್ತಾರೆ. ಊರಿಗೆ ಹೋದರೆ "ಅದರಾಗ ಗೇಮ್ ಆಡಾಕ ಬರೂದಿಲ್ಲಲ್ಲೋ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಎರಡು ಮಾತುಗಳ ನಡುವೆ ಒಂದು ಒಳ್ಳೆಯ ಕಥೆ ಮುಚ್ಚಿಹೋಗಿದೆ ಅಂತ ನನಗನ್ನಿಸುತ್ತದೆ. ಲಿನಕ್ಸ್ ಮನೆಯೊಳಗೆ ಬಂದದ್ದು ಎರಡು ಸಣ್ಣ ಆಸೆಗಳ ಹೆಗಲೇರಿ. ಒಂದು, ಆಟ ಆಡಬೇಕು ಅನ್ನುವುದು. ಇನ್ನೊಂದು, ಎರಡು ಕಂಪ್ಯೂಟರುಗಳನ್ನು ಜೋಡಿಸಿ ಇರುವುದನ್ನು ಹಂಚಿಕೊಳ್ಳಬೇಕು ಅನ್ನುವುದು. ಆ ಕಥೆಯನ್ನು ಇಸವಿಗಳ ಲೆಕ್ಕದಲ್ಲಿ ಜೋಡಿಸಿ ನೋಡುವ ಪ್ರಯತ್ನ ಇದು. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ :-)

ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ತನ್ನ ಕರ್ನೆಲ್ ಬಗ್ಗೆ ಜಗತ್ತಿಗೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಅದು ಬರೀ ಹವ್ಯಾಸ ಅಂತಲೇ ಅವನು ಬರೆದುಕೊಂಡಿದ್ದ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ಬೇರೆಯೇ ತಲೆನೋವು. ಡಾಸ್ ಇರುವ ಪಿಸಿಯಿಂದ ಯುನಿಕ್ಸ್ ಯಂತ್ರದ ಫೈಲುಗಳನ್ನು ತೆರೆಯಬೇಕಿತ್ತು, ಆದರೆ ಆ ಮಾತುಕತೆಯ ನಿಯಮಗಳು ಅವನ ಕೈಯಲ್ಲಿರಲಿಲ್ಲ. ಅವನು ಕೇಬಲ್ಲಿನಲ್ಲಿ ಹರಿದಾಡುವ ಪ್ಯಾಕೆಟ್ಟುಗಳನ್ನು ಕದ್ದು ಕೇಳಿಸಿಕೊಂಡೇ ಭಾಷೆ ಕಲಿತುಬಿಟ್ಟ. ನಮ್ಮ ಕಡೆಯವರು ಮಿರಜ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಕೂತೇ ಮರಾಠಿ ಕಲಿಯುತ್ತಾರಲ್ಲ, ಹಾಗೆ. ಮುಂದೆ ಸಾಂಬಾ ಎಂದು ಹೆಸರಾದ ತಂತ್ರಾಂಶ ಹುಟ್ಟಿದ್ದು ಹೀಗೆ. ವಿಂಡೋಸ್ ಪಿಸಿಯಿಂದ ಲಿನಕ್ಸ್ ಪಿಸಿಗೆ ಫೋಲ್ಡರ್ ಶೇರ್ ಮಾಡುವಾಗಲೆಲ್ಲ ನಾವು ಬಳಸುವುದು ಅದನ್ನೇ.

ಆಟದ ಕಡೆ ಬಂದರೆ, 1993ರ ಡಿಸೆಂಬರಿನಲ್ಲಿ ಐಡಿ ಸಾಫ್ಟ್‌ವೇರ್ ಕಂಪನಿ ಡೂಮ್ ಬಿಡುಗಡೆ ಮಾಡಿತು. ನಾಲ್ಕು ಜನ ಒಂದೇ ನೆಟ್‌ವರ್ಕಿನಲ್ಲಿ ಕೂತು ಆಡಬಹುದಾದ ಆಟ. 1994ರಲ್ಲಿ ಅದೇ ಕಂಪನಿಯ ಡೇವ್ ಟೇಲರ್ ಅದನ್ನು ಲಿನಕ್ಸಿಗೂ ತಂದರು. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸಬೇಕೆಂಬ ವೈನ್ ಯೋಜನೆ ಶುರುವಾದದ್ದೂ 1993ರಲ್ಲೇ. ಅದರ 1.0 ಆವೃತ್ತಿ ಬಂದದ್ದು 2008ರಲ್ಲಿ, ಹದಿನೈದು ವರ್ಷಗಳ ನಂತರ! ಯಾರೋ ಅಷ್ಟು ವರ್ಷ ಬಿಡದೆ ಕುಟ್ಟುತ್ತಾ ಕೂತಿದ್ದರು ಅಂತ ನೆನೆಸಿಕೊಂಡರೆ ನಮ್ಮ ಆಫೀಸಿನ ಡೆಡ್‌ಲೈನುಗಳೆಲ್ಲ ತಮಾಷೆ ಅನ್ನಿಸುತ್ತವೆ.

ಮನೆಯ ಲಿನಕ್ಸಿಗೆ ಒಂದು ಹುಟ್ಟಿದ ವರ್ಷ ಹೇಳು ಅಂದರೆ ನಾನು 1996 ಅನ್ನುತ್ತೇನೆ. ಆ ಒಂದೇ ವರ್ಷ ಏನೇನಾಯಿತು ನೋಡಿ. ಜನವರಿಯಲ್ಲಿ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಫ್ರೀಸಿವ್ ಆಟದ ಮೊದಲ ಆವೃತ್ತಿ ಹೊರತಂದರು. ಒಂದು ಯಂತ್ರ ಸರ್ವರ್, ಉಳಿದವು ಕ್ಲೈಂಟ್, ಹೀಗೆ ಮೊದಲಿನಿಂದಲೂ ನೆಟ್‌ವರ್ಕಿಗೆಂದೇ ಕಟ್ಟಿದ ಆಟ ಅದು. ಫೆಬ್ರುವರಿಯಲ್ಲಿ 10, 172.16 ಮತ್ತು 192.168ರಿಂದ ಶುರುವಾಗುವ ಖಾಸಗಿ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಒಳಜಾಲದಲ್ಲಿ ಬಳಸಬಹುದು ಎಂಬ ನಿಯಮ ಈಗಿನ ರೂಪ ಪಡೆಯಿತು. ಜೂನ್ ತಿಂಗಳಲ್ಲಿ ಲಿನಕ್ಸ್ 2.0 ಬಂತು. ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಲವು ಕಂಪ್ಯೂಟರಿಗೆ ಹಂಚುವ 'ಮಾಸ್ಕರೇಡಿಂಗ್' ಅದರಲ್ಲಿತ್ತು. ಇನ್ನು ನಮ್ಮ ದೇಶದಲ್ಲಿ, ಬೆಂಗಳೂರಿನ ಅತುಲ್ ಚಿಟ್ನೀಸ್ ಅವರ ಪ್ರಯತ್ನದಿಂದ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸ್ ಸಿಡಿ ಹಂಚತೊಡಗಿದ್ದೂ ಅದೇ ವರ್ಷ. ಆಟ, ವಿಳಾಸ, ಹಂಚಿಕೆ, ಸಿಡಿ.. ನಾಲ್ಕೂ ಒಂದೇ ವರ್ಷ ಕೂಡಿ ಬಂದವು.

ಈ ವಿಳಾಸದ ವಿಷಯ ತಂತ್ರಜ್ಞಾನದವರಲ್ಲದ ಗೆಳೆಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೌಡರ ಓಣಿ ಅನ್ನುವುದು ನಮ್ಮ ತುಬಚಿಯಲ್ಲಿ ಇರಬಹುದು, ಮುಧೋಳದಲ್ಲಿ ಇರಬಹುದು, ಬೀಳಗಿಯಲ್ಲೂ ಇರಬಹುದು. ಊರೊಳಗೆ ಅಷ್ಟು ಹೇಳಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಹೊರಗಿನಿಂದ ಪತ್ರ ಬರಬೇಕಾದರೆ ಮಾತ್ರ ಊರಿನ ಹೆಸರು, ಪಿನ್ ಕೋಡ್ ಬೇಕು. 192.168.1.2 ಅನ್ನುವುದೂ ಹಾಗೇ ಓಣಿಯ ಹೆಸರು. ಲಕ್ಷಾಂತರ ಮನೆಗಳಲ್ಲಿ ಅದೇ ವಿಳಾಸ ಇದೆ, ಯಾರಿಗೂ ತೊಂದರೆ ಇಲ್ಲ. ಊರಿನ ಅಗಸಿಯಲ್ಲಿ ಒಬ್ಬ ನಿಂತು, ಹೊರಗೆ ಹೋಗುವ ಪತ್ರಕ್ಕೆಲ್ಲ ಊರಿನ ಹೆಸರು ಬರೆದು, ಬಂದ ಉತ್ತರವನ್ನು ಸರಿಯಾದ ಓಣಿಗೆ ಮುಟ್ಟಿಸುತ್ತಾನೆ ಅಂದುಕೊಳ್ಳಿ. ಅವನೇ ಗೇಟ್‌ವೇ. ಲಿನಕ್ಸ್ 2.0 ಇದ್ದ ಯಾವುದೋ ಹಳೆಯ 486 ಯಂತ್ರವನ್ನೂ ಅಗಸಿಯಲ್ಲಿ ನಿಲ್ಲಿಸಬಹುದಾಯಿತು. 2001ರ ಜನವರಿಯಲ್ಲಿ ಬಂದ 2.4 ಕರ್ನೆಲ್ಲಿನ ಐಪಿಟೇಬಲ್ಸ್ ಇದೇ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿತು.

ಮತ್ತೆ ಆಟಕ್ಕೆ ಬರೋಣ. 1997ರ ಡಿಸೆಂಬರಿನಲ್ಲಿ ಡೂಮ್ ಆಟದ ಸೋರ್ಸ್ ಕೋಡನ್ನು ಕಂಪನಿ ಬಹಿರಂಗ ಮಾಡಿತು. ಇಲ್ಲೊಂದು ಸ್ವಾರಸ್ಯ ಇದೆ. ಹೊರಬಂದದ್ದು ಡಾಸ್ ಆವೃತ್ತಿಯ ಕೋಡ್ ಅಲ್ಲ, ಲಿನಕ್ಸ್ ಆವೃತ್ತಿಯದ್ದು! ಡಾಸ್ ಆವೃತ್ತಿಯ ಸದ್ದಿನ ಭಾಗ ಬೇರೆಯವರ ಸೊತ್ತಾಗಿತ್ತು, ಅದನ್ನು ಹಂಚುವಂತಿರಲಿಲ್ಲ. ಇವತ್ತು ಕ್ಯಾಲ್ಕುಲೇಟರಿನಿಂದ ಹಿಡಿದು ಪ್ರಿಂಟರಿನವರೆಗೆ ಎಲ್ಲದರಲ್ಲೂ ಡೂಮ್ ಓಡಿಸಿ ತೋರಿಸುತ್ತಾರಲ್ಲ, ಅದರ ಬೇರು ಆ ಲಿನಕ್ಸ್ ಕೋಡಿನಲ್ಲಿದೆ.

1998ರಲ್ಲಿ ಲೋಕಿ ಎಂಬ ಕಂಪನಿ ಹುಟ್ಟಿತು. ಅಂಗಡಿಯಲ್ಲಿ ಮಾರುವ ಆಟಗಳನ್ನು ಲಿನಕ್ಸಿಗೆ ತರುವುದೇ ಅದರ ಕಸುಬು. ವ್ಯಾಪಾರ ಕೈಹಿಡಿಯಲಿಲ್ಲ, 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ 1998ರಲ್ಲಿ ಶುರು ಮಾಡಿದ್ದ ಎಸ್‌ಡಿಎಲ್ ಎಂಬ ಲೈಬ್ರರಿ ಮುಕ್ತವಾಗಿತ್ತು. ಕಂಪನಿ ಹೋಯಿತು, ಎಸ್‌ಡಿಎಲ್ ಉಳಿಯಿತು. ಕೀಬೋರ್ಡ್, ಪರದೆ, ಸದ್ದುಗಳ ಜೊತೆ ಆಟ ಮಾತಾಡುವುದಕ್ಕೆ ಇವತ್ತಿಗೂ ಅಸಂಖ್ಯ ಆಟಗಳು ಅದನ್ನೇ ನಂಬಿಕೊಂಡಿವೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಹೊತ್ತಿಗೆ ಕರ್ನಾಟಕದಲ್ಲಿ ಏನು ನಡೆದಿತ್ತು? 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು, 2005ರಿಂದ ಅದು ಫಾಸ್ ಡಾಟ್ ಇನ್ ಆಯಿತು. 2001ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ತೋರಿಸಿದರು. ಹಳ್ಳಿಯ ಜನರಿಗೂ ಕಂಪ್ಯೂಟರ್ ಸಿಗಬೇಕೆಂಬ ಆಸೆ, ಒಳಗೆ ಲಿನಕ್ಸ್. 2004ರ ಮಾರ್ಚಿನಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಆಕ್ಸೆಲೆರೋಮೀಟರ್ ಇತ್ತು. ಅಂದರೆ, ಸಾಧನವನ್ನು ಕೈಯಲ್ಲಿ ಓರೆ ಮಾಡಿದರೆ ಅದಕ್ಕೆ ಗೊತ್ತಾಗುತ್ತಿತ್ತು, ಹಾಗೆ ಓರೆ ಮಾಡಿ ಆಡುವ ಆಟವೂ ಇತ್ತು. ಐಫೋನ್ ಬಂದದ್ದು 2007ರಲ್ಲಿ! ಸಿಂಪ್ಯೂಟರ್ ಮನೆಮನೆಗೆ ಮುಟ್ಟಲಿಲ್ಲ, ಅದು ಬೇರೆ ಮಾತು. ಆದರೆ 'ಲಿನಕ್ಸಿನಲ್ಲಿ ಆಟ ಇಲ್ಲ' ಅನ್ನುವವರಿಗೆ ನಮ್ಮ ಬೆಂಗಳೂರಿನದೇ ಉತ್ತರ ಇದು.

ಮನೆಯ ನೆಟ್‌ವರ್ಕಿನ ಕಥೆ 2003ರಲ್ಲಿ ತಿರುವು ಪಡೆಯಿತು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ವೈಫೈ ರೌಟರಿನೊಳಗೆ ಲಿನಕ್ಸ್ ಇದೆ ಅಂತ ಕುತೂಹಲಿಗಳು ಪತ್ತೆ ಹಚ್ಚಿದರು. ಜಿಪಿಎಲ್ ಪರವಾನಗಿಯ ಪ್ರಕಾರ ಕೋಡ್ ಕೊಡಬೇಕು ಅಂತ ಪಟ್ಟು ಹಿಡಿದರು, ಕಂಪನಿ ಕೊಟ್ಟಿತು. ಆ ಕೋಡಿನಿಂದಲೇ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು. ಅಗಸಿಯಲ್ಲಿ ನಿಂತ ದೊಡ್ಡ 486 ಯಂತ್ರ ಅಂಗೈಯಗಲದ ಡಬ್ಬಿಯಾಯಿತು.

2005ರ ಜನವರಿಯಲ್ಲಿ ಬಿಎಸ್ಎನ್ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂತು. ವೇಗ 256 ಕೆಬಿಪಿಎಸ್. ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡಿಗೆ ಲೆಕ್ಕ ಇರುತ್ತಿರಲಿಲ್ಲ. ಆ ವೇಗದಲ್ಲಿ 700 ಎಂಬಿಯ ಒಂದು ಲಿನಕ್ಸ್ ಸಿಡಿ ಇಳಿಯಬೇಕಾದರೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚೇ ಬೇಕು. ಬಿಟ್ಟಿ ಸಮಯ ಸರಿಯಾಗಿ ಆರು ಗಂಟೆ! ಅಲರಾಂ ಇಟ್ಟುಕೊಂಡು ಎದ್ದವರ ಸಂಕಟ ಲೆಕ್ಕ ಹಾಕಿದರೇ ಅರ್ಥವಾಗುತ್ತದೆ. ಹಾಗಾಗಿ ಉಬುಂಟು 2011ರವರೆಗೆ ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದ ಸಿಡಿಗಳು ನಮ್ಮಂಥ ಊರುಗಳಿಗೆ ದೊಡ್ಡ ಉಪಕಾರ ಮಾಡಿದವು.

ನಮ್ಮ ಮನೆಗೆ ಲಿನಕ್ಸ್ ಬಂದದ್ದೂ ಅಂಥದೇ ಲಕೋಟೆಯಲ್ಲಿ. ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗ ಅಣ್ಣ ತರಿಸಿದ್ದ. ಆಗ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅವನು ಕಾಲೇಜಿನಿಂದ ಪೆನ್ ಡ್ರೈವಿನಲ್ಲಿ ಓಪನ್ ಅರೀನಾ ಆಟವನ್ನೂ, ಜೊತೆಗೆ ಒಂದು ಕ್ರಾಸ್ ಕೇಬಲ್ಲನ್ನೂ ತಂದ. ಮಾಮೂಲಿ ಕೇಬಲ್ಲಿನಲ್ಲಿ ಎರಡು ತುದಿಯ ತಂತಿಗಳು ಒಂದೇ ಕ್ರಮದಲ್ಲಿರುತ್ತವೆ. ಕ್ರಾಸ್ ಕೇಬಲ್ಲಿನಲ್ಲಿ 1 ಹೋಗಿ 3ಕ್ಕೆ, 2 ಹೋಗಿ 6ಕ್ಕೆ ಸೇರುತ್ತದೆ, ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಬರುವಂತೆ. ನಡುವೆ ಸ್ವಿಚ್ ಬೇಡ, ರೌಟರ್ ಬೇಡ. ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ಅಂತ ವಿಳಾಸ ಕೊಟ್ಟು ಪಿಂಗ್ ಮಾಡಿದರೆ ಒಂದು ಮಿಲಿಸೆಕೆಂಡಿನೊಳಗೆ ಉತ್ತರ. ಕಾಕಾ ಬಂದು ನೋಡಿ, "ಏ ತಮ್ಮಾ, ನೆಟ್ಟ ಇಲ್ಲದ ಎರಡೂ ಹೆಂಗ ಮಾತಾಡಾಕತ್ತಾವೋ?" ಅಂದರು. "ಕಾಕಾ, ನಿಮ್ಮ ಮನಿಗೂ ನಮ್ಮ ಮನಿಗೂ ಮಾತಾಡಾಕ ಬೆಂಗಳೂರಿಗೆ ಯಾಕ ಹೋಗಬೇಕ್ರಿ?" ಅಂದ ಅಣ್ಣ. ನೆಟ್‌ವರ್ಕ್ ಬೇರೆ, ಇಂಟರ್ನೆಟ್ ಬೇರೆ ಅಂತ ನಾನು ಕಲಿತದ್ದು ಆ ಉತ್ತರದಿಂದ. ಮುಂದೆ ನಾಲ್ಕು ವರ್ಷದ ಡಿಗ್ರಿಯಲ್ಲಿ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ.

ಅಂದ ಹಾಗೆ, ಓಪನ್ ಅರೀನಾ ಹುಟ್ಟಿದ್ದು ಹೇಗೆ ಗೊತ್ತೇ? 2005ರ ಆಗಸ್ಟಿನಲ್ಲಿ ಕ್ವೇಕ್ 3 ಆಟದ ಕೋಡ್ ಜಿಪಿಎಲ್ ಅಡಿಯಲ್ಲಿ ಹೊರಬಂತು. ಕೋಡ್ ಮುಕ್ತ, ಆದರೆ ಚಿತ್ರ, ಸದ್ದು, ನಕ್ಷೆಗಳು ಮುಕ್ತವಲ್ಲ. ಹವ್ಯಾಸಿಗಳು ಆ ಭಾಗಗಳನ್ನೆಲ್ಲ ತಾವೇ ಹೊಸದಾಗಿ ಮಾಡಿ ಸೇರಿಸಿದರು.

ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬ್ಯಾರೇಜು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು. ಹೆಸರೇ 'ಶ್ರಮಬಿಂದು ಸಾಗರ'. ಸರ್ಕಾರ ಕಟ್ಟಲಿ ಅಂತ ಅವರು ಕಾಯಲಿಲ್ಲ. ಲಿನಕ್ಸ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಕೃಷ್ಣೆಯ ದಂಡೆಯ ಜನ ಈ ಪಾಠ ಮಾಡಿ ತೋರಿಸಿದ್ದರು. ಕೈಗೊಂದು ಕಲ್ಲು ಹಾಕಿದರೆ ನೀರು ನಿಲ್ಲುತ್ತದೆ, ನಿಂತ ನೀರಿನ ಮೇಲೆ ಕಟ್ಟಿದವರ ಹಕ್ಕಿರುತ್ತದೆ.

ಇನ್ನು ಈಚಿನ ಕಥೆ ಬಹಳ ಜನರಿಗೆ ಗೊತ್ತಿದೆ. 2013ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಲಿನಕ್ಸಿಗೆ ಬಂತು. ನಿಯರ್ ಆಟೊಮೇಟಾ ಎಂಬ ಆಟವನ್ನು ಲಿನಕ್ಸಿನಲ್ಲಿ ಆಡಲೇಬೇಕು ಅಂತ ಹಟ ಹಿಡಿದ ಫಿಲಿಪ್ ರೆಬೋಲೆ ಡಿಎಕ್ಸ್‌ವಿಕೆ ಬರೆದರು. 2018ರ ಆಗಸ್ಟಿನಲ್ಲಿ ವಾಲ್ವ್ ಅದನ್ನೂ ಆ ಹಳೆಯ ವೈನನ್ನೂ ಸೇರಿಸಿ ಪ್ರೋಟಾನ್ ಹೊರತಂದಿತು. 2022ರಲ್ಲಿ ಲಿನಕ್ಸ್ ಇರುವ ಸ್ಟೀಮ್ ಡೆಕ್ ಬಂತು. 2025ರ ಅಕ್ಟೋಬರಿನಲ್ಲಿ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸಿನ ಪಾಲು ಶೇ. 3 ದಾಟಿತು. ಊರಿನ ಗೆಳೆಯರ ಹಳೆಯ ಮಾತಿಗೆ ಈಗ ಅರ್ಥ ಉಳಿದಿಲ್ಲ.

ಹಾಗಾದರೆ ಗೆದ್ದೆವೇ? ಪೂರ್ತಿ ಇಲ್ಲ ಅನ್ನಿಸುತ್ತದೆ. ಲಿನಕ್ಸಿನಲ್ಲಿ ಆಟ ಓಡುವುದು ಒಂದು, ಆಟ ನಮ್ಮ ಕೈಯಲ್ಲಿರುವುದು ಇನ್ನೊಂದು. 2014ರಲ್ಲಿ ಗೇಮ್‌ಸ್ಪೈ ಎಂಬ ಸೇವೆ ನಿಂತಾಗ ಅದನ್ನೇ ನೆಚ್ಚಿದ್ದ ಹಲವು ಆಟಗಳ ಆನ್‌ಲೈನ್ ಭಾಗ ಒಮ್ಮೆಲೇ ಸತ್ತುಹೋಯಿತು. ಲ್ಯಾನ್ ಸೌಲಭ್ಯ ಇದ್ದ ಆಟಗಳು ಮಾತ್ರ ಮನೆಯೊಳಗೆ ಉಸಿರಾಡಿದವು. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾಯಿತು, ಅಕ್ಟೋಬರ್ ಕೊನೆಗೆ ಸರ್ವರ್ ಬಾಗಿಲು ಮುಚ್ಚಿತು. ನಿಷೇಧ ಸರಿಯೋ ತಪ್ಪೋ, ಆ ಚರ್ಚೆ ಇಲ್ಲಿ ಬೇಡ. ನಮ್ಮೂರ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತ ನಾಲ್ಕು ಹುಡುಗರು ಒಬ್ಬರೊಡನೊಬ್ಬರು ಆಡುವುದಕ್ಕೂ ದೂರದ ಸರ್ವರಿನ ಅಪ್ಪಣೆ ಬೇಕಿತ್ತು ಅನ್ನುವುದಷ್ಟೇ ನನ್ನ ಮಾತು. ಕಾಕಾನ ಮನೆಗೆ ಮಾತಾಡಲು ಬೆಂಗಳೂರಿಗೆ ಹೋಗುವುದು ಅಂದರೆ ಇದೇ. ಲೋಕಿ ಹೋದರೂ ಎಸ್‌ಡಿಎಲ್ ಉಳಿಯಿತು, ಫ್ರೀಸಿವ್ ಮೂವತ್ತು ವರ್ಷ ಬಾಳಿದೆ. ಯಾಕೆಂದರೆ ಅವುಗಳ ಅಗಸಿಯ ಕೀಲಿ ಒಬ್ಬನ ಕೈಯಲ್ಲಿ ಇರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಏರಲಾರದ ಎಷ್ಟೋ ಕಂಪ್ಯೂಟರುಗಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಧೂಳು ತಿನ್ನುತ್ತಿವೆ. ಗುಜರಿಗೆ ಹಾಕುವ ಮೊದಲು ಅಂಥ ಎರಡನ್ನು ಪಕ್ಕಪಕ್ಕ ಇಟ್ಟು, ಲಿನಕ್ಸ್ ಹಾಕಿ, ಒಂದು ಕೇಬಲ್ ಎಳೆದು ನೋಡಿ. ಈಗಿನ ಕಾರ್ಡುಗಳಿಗೆ ಕ್ರಾಸ್ ಕೇಬಲ್ಲೂ ಬೇಕಾಗಿಲ್ಲ, ಯಾವ ಕೇಬಲ್ಲಾದರೂ ಅವೇ ಹೊಂದಿಸಿಕೊಳ್ಳುತ್ತವೆ. ಫ್ರೀಸಿವ್ ಹಾಕಿ ಮಕ್ಕಳನ್ನು ಕೂರಿಸಿ. ಆಟ ಮುಗಿಯುವ ಹೊತ್ತಿಗೆ ಒಬ್ಬರಾದರೂ "ಈ 192 ಅಂದ್ರ ಏನ್ರಿ?" ಅಂತ ಕೇಳುತ್ತಾರೆ. ಆಗ ಓಣಿಯ ಕಥೆ ಹೇಳಿ.

ನಿಮ್ಮ ಮನೆಗೆ ಲಿನಕ್ಸ್ ಯಾವ ದಾರಿಯಲ್ಲಿ ಬಂತು, ಮೊದಲು ಆಡಿದ ಆಟ ಯಾವುದು? ಬರೆಯಿರಿ, ಓದುವ ಆಸೆ ಇದೆ.