ಜಲಂಧರದಲ್ಲಿ ಸಿಕ್ಕ ಕುಂದಗೋಳದ ದಾರಿ



ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದರು. ನಾನು ಕಿರಾಣಿ ಅಂಗಡಿಯವನು, ಎಸ್.ಎಸ್.ಎಲ್.ಸಿ.ವರೆಗೆ ಓದಿದವನು. ಸಂಗೀತಶಾಸ್ತ್ರ ನನಗೆ ತಿಳಿಯದು. ಆದರೆ ಮಾಲು ತರಲು ಜತ್ತದಿಂದ ಮಿರಜಿಗೆ ಮೂವತ್ತು ವರ್ಷಗಳಿಂದ ಹೋಗಿ ಬರುತ್ತಿದ್ದೇನೆ. ಅಲ್ಲಿ ತಂಬೂರಿ ಮಾಡುವವರ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದ್ದನ್ನೂ ಆಮೇಲೆ ಓದಿದ್ದನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಪಂಡಿತ ಭೀಮಸೇನ ಜೋಶಿಯವರ ಕಂಠ ತಿಳಿಯದವರು ನಮ್ಮಲ್ಲಿ ಯಾರೂ ಇಲ್ಲ. ಬೆಳಗಿನಲ್ಲಿ ನಮ್ಮ ಗುಡಿಯ ಸ್ಪೀಕರಿನಿಂದ ಬರುವ ದಾಸರ ಪದವೂ ಅವರದೇ, ಆಷಾಢದಲ್ಲಿ ಪಂಢರಪುರದ ದಿಂಡಿ ಹೊರಟಾಗ ಕೇಳುವ ಅಭಂಗವೂ ಅವರದೇ. ಕನ್ನಡ, ಮರಾಠಿ ಎರಡೂ ಮನೆಮಾತಿನಂತಿರುವ ನಮ್ಮಂಥವರಿಗೆ ಅವರು ಎರಡು ಪಟ್ಟು ಹತ್ತಿರದವರು.

ಅವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ಇಂದಿನ ಗದಗ ಜಿಲ್ಲೆಯ ರೋಣದಲ್ಲಿ. ತಂದೆ ಗುರುರಾಜಾಚಾರ್ಯರು ಶಾಲಾ ಮಾಸ್ತರರು. ಹುಡುಗ ಚಿಕ್ಕವನಿದ್ದಾಗ ಅಂಗಡಿಯೊಂದರಲ್ಲಿ ಗ್ರಾಮೋಫೋನು ಹಾಡುತ್ತಿತ್ತು. ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮರಿ. ಹಾಗೆ ಹಾಡುವುದನ್ನು ಕಲಿಯಲೇಬೇಕೆಂಬ ಹಟ ಹುಡುಗನಿಗೆ ಅಲ್ಲಿಂದ ಹಿಡಿಯಿತು. (ಆ ಅಂಗಡಿಯವನಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾಗಿರಲಿಕ್ಕಿಲ್ಲ. ಗಿರಾಕಿ ಬರಲಿ ಎಂದು ರೆಕಾರ್ಡು ಹಚ್ಚಿದ್ದನಷ್ಟೇ.)

1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಹುಡುಗ ಮನೆ ಬಿಟ್ಟ. ಊಟದ ಎಲೆಯ ಮುಂದೆ ತುಪ್ಪದ ಮಾತಿಗೆ ಮುನಿಸಿಕೊಂಡು ಎದ್ದು ಹೋದನೆಂದು ಹೇಳುತ್ತಾರೆ. ಕೈಯಲ್ಲಿ ದುಡ್ಡಿಲ್ಲ, ಟಿಕೀಟಿಲ್ಲ. ರೈಲಿನಲ್ಲಿ ಹಾಡಿದ, ಕೇಳಿದವರು ಕೊಟ್ಟಿದ್ದನ್ನು ಉಂಡ. ಹೀಗೆ ಗ್ವಾಲಿಯರ್ ಮುಟ್ಟಿದ. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯಕ್ಕೆ ಸೇರಿದ. ಮುಂದೆ ಕಲಕತ್ತೆಯಲ್ಲಿ ಚಿತ್ರನಟ ಪಹಾರಿ ಸಾನ್ಯಾಲರ ಮನೆಯಲ್ಲಿ ಕೆಲಸಕ್ಕೆ ನಿಂತದ್ದೂ ಉಂಟು. ಎಷ್ಟೋ ವರ್ಷಗಳ ಮೇಲೆ ಭೀಮಸೇನರ ಕಛೇರಿ ಕೇಳಲು ಬಂದ ಸಾನ್ಯಾಲರಿಗೆ ಇವರೇ ಅವನು ಎಂದು ಗುರುತೇ ಹತ್ತಲಿಲ್ಲವಂತೆ.

ಕೊನೆಗೆ ಪಂಜಾಬಿನ ಜಲಂಧರ. ಅಲ್ಲಿ ಮಂಗತರಾಮ ಎಂಬ ಅಂಧ ಗಾಯಕರಲ್ಲಿ ಧ್ರುಪದದ ಪಾಠ. ಆ ಊರಿನಲ್ಲಿ ದೇವೀ ತಲಾಬ್ ಎಂಬ ಪುಣ್ಯಸ್ಥಳವಿದೆ. ಅದರ ದಡದಲ್ಲಿ ಬಾಬಾ ಹರಿವಲ್ಲಭ ಎಂಬ ಸಾಧು ತಮ್ಮ ಗುರುವಿನ ಸಮಾಧಿಯ ಸ್ಮರಣೆಗಾಗಿ 1875ರಲ್ಲಿ ಸಂಗೀತ ಮೇಳ ಆರಂಭಿಸಿದರು. ಅದು ಇಂದಿಗೂ ಡಿಸೆಂಬರ್ ಚಳಿಯಲ್ಲಿ ನಡೆಯುತ್ತದೆ. ದೊಡ್ಡ ದೊಡ್ಡ ಉಸ್ತಾದರು ಅಲ್ಲಿಗೆ ಬರುತ್ತಾರೆ. ಹೀಗೆ ಬಂದವರಲ್ಲಿ ಒಬ್ಬರು ವಿನಾಯಕರಾವ್ ಪಟವರ್ಧನ ಬುವಾ. ಅವರು ಹುಟ್ಟಿದ್ದು ನಮ್ಮ ಮಿರಜಿನಲ್ಲೇ, 1898ರಲ್ಲಿ.

ಮಿರಜಿನವರಿಗೆ ಪಂಜಾಬಿನ ನಂಟು ಹೇಗೆ ಬಂತು? ಅದರ ಹಿಂದೆಯೂ ಒಂದು ಪ್ರಯಾಣವಿದೆ. ವಿನಾಯಕರಾಯರ ಗುರುಗಳು ವಿಷ್ಣು ದಿಗಂಬರ ಪಲುಸ್ಕರರು. ಅವರದು ಕುರುಂದವಾಡ. ಅಲ್ಲಿಂದ ನರಸೋಬಾ ವಾಡಿ ಹತ್ತಿರವೆಂದು ಅಲ್ಲಿಗೆ ದತ್ತ ದರ್ಶನಕ್ಕೆ ಹೋಗುವ ನಮ್ಮವರಿಗೆಲ್ಲ ಗೊತ್ತಿದೆ. ಬಾಲ್ಯದಲ್ಲಿ ದತ್ತ ಜಯಂತಿಯ ದಿನ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಓದಲು ಬರೆಯಲು ಆಗದು, ಹಾಡಾದರೂ ಕಲಿಯಲಿ ಎಂದು ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಬಿಟ್ಟರು. ಕಲಿತ ಮೇಲೆ 1896ರಲ್ಲಿ ಮಿರಜು ಬಿಟ್ಟು ದೇಶಸಂಚಾರ ಹೊರಟರು. ಸೌರಾಷ್ಟ್ರದ ಗಿರನಾರ ಬೆಟ್ಟದಲ್ಲಿ ಒಬ್ಬ ಸಾಧು ಭೇಟಿಯಾಗಿ, ನಿನ್ನ ಕೆಲಸ ಪಂಜಾಬಿನಲ್ಲಿದೆ ಎಂದರಂತೆ. ಅದನ್ನು ನಂಬಿ ಹೋದವರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಂಗೀತ ಬೇಕಾದವರು ಒಬ್ಬ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಬೇಕಾಗಿದ್ದ ಕಾಲದಲ್ಲಿ, ಶಾಲೆಯಂತೆ ತರಗತಿ ಮಾಡಿ ಎಲ್ಲರಿಗೂ ಕಲಿಸುವ ವ್ಯವಸ್ಥೆ ಅದು. ಅಂದಿನಿಂದ ನಮ್ಮ ಕಡೆಯ ಗಾಯಕರಿಗೆ ಪಂಜಾಬು ಪರಸ್ಥಳವಾಗಿ ಉಳಿಯಲಿಲ್ಲ.

ಇರಲಿ, ಜಲಂಧರದ ಮಾತಿಗೆ ಬರುತ್ತೇನೆ. ಧಾರವಾಡ ಸೀಮೆಯ ಹುಡುಗನೊಬ್ಬ ಅಷ್ಟು ದೂರ ಬಂದು ಅಲೆಯುತ್ತಿರುವುದನ್ನು ಕಂಡು ವಿನಾಯಕರಾಯರಿಗೆ ಆಶ್ಚರ್ಯವಾಯಿತು. ನಿಮ್ಮೂರ ಮಗ್ಗುಲಲ್ಲೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿದ್ದಾರಲ್ಲ, ಅವರನ್ನು ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಕೇಳಿದರು. ಸವಾಯಿ ಗಂಧರ್ವರೆಂದರೆ ಯಾರು? ಯಾವ ಖಾನ್ ಸಾಹೇಬರ ರೆಕಾರ್ಡು ಕೇಳಿ ಹುಡುಗ ಹುಚ್ಚಾಗಿದ್ದನೋ ಅವರದೇ ಶಿಷ್ಯರು! ಹುಬ್ಬಳ್ಳಿಯಿಂದ ಕುಂದಗೋಳ ಎಷ್ಟು ದೂರ ಹೇಳಿ. ಅದು ತಿಳಿಯಲು ಗ್ವಾಲಿಯರ್, ಕಲಕತ್ತೆ ಸುತ್ತಿ ಪಂಜಾಬು ಮುಟ್ಟಬೇಕಾಯಿತು.

1936ರಲ್ಲಿ ಸವಾಯಿ ಗಂಧರ್ವರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. ನೀರು ಹೊರುವುದೂ ಸೇರಿ ಮನೆಗೆಲಸವೆಲ್ಲ ಮಾಡುತ್ತಲೇ ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನು ವರ್ಷಗಟ್ಟಲೆ ತಿದ್ದಿದರು. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದ ಪುಣೆಯಲ್ಲಿ ನಡೆದು ಬಂದ ಸವಾಯಿ ಗಂಧರ್ವ ಮಹೋತ್ಸವವನ್ನು ಶಿಷ್ಯರೇ ಮುಂದೆ ನಿಂತು ಬೆಳೆಸಿದರು. 2008ರಲ್ಲಿ ಭಾರತರತ್ನ ಬಂತು. 2011ರ ಜನವರಿ 24ರಂದು ದೇಹ ಬಿಟ್ಟರು.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಹೋದ ವರ್ಷದ ಜಾತ್ರೆಯಲ್ಲಿ ಎಸ್.ಟಿ. ಬಸ್ಸಿನಿಂದ ಇಳಿದ ಒಬ್ಬ ಹುಡುಗ, ಹದಿನೈದು ವರ್ಷ ಇರಬಹುದು, ಬಗಲಲ್ಲಿ ಏಕತಾರಿ ಹಿಡಿದು ನನ್ನ ಹತ್ತಿರ ಬಂದ. “ಕಾಕಾ, ಒಂದು ಪದ ಹಾಡ್ಲೇನ್ರಿ?” ಎಂದ. ಭಜನೆಯ ಪಾಳಿ ಹಂಚುವ ಕೆಲಸ ನನ್ನದು. ಪತ್ರಿಕೆಯಲ್ಲಿ ಹೆಸರು ಅಚ್ಚಾದ ಮಂಡಳಿಗಳಿಗೇ ವೇಳೆ ಸಾಲದು, ಪ್ರಸಾದ ಮಾಡಿ ಹೋಗಪ್ಪ ಎಂದೆ. ಅವನು ಪ್ರಸಾದ ಮಾಡಿದನೋ ಇಲ್ಲವೋ ನೋಡಲಿಲ್ಲ. ಯಾವ ಊರು ಎಂದೂ ಕೇಳಲಿಲ್ಲ. ಯಾರ ಹತ್ತಿರ ಕಲಿಯುತ್ತೀ ಎಂದು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮಂದಿ ಚದುರಿದ ಮೇಲೆ ಹುಡುಕಿದೆ, ಸಿಗಲಿಲ್ಲ.

ಸಮಿತಿಯ ಸಭೆಯಲ್ಲಿ ಈ ವಿಷಯ ಇಟ್ಟೆ. ಎಲ್ಲರೂ ಒಪ್ಪಿದರು. ಈ ಸಲ ಜಾತ್ರೆಯ ಎರಡನೆಯ ರಾತ್ರಿ, ಪಲ್ಲಕ್ಕಿ ಗುಡಿಗೆ ಮರಳಿದ ಮೇಲೆ, ಒಂದು ತಾಸು ಯಾರ ಹೆಸರನ್ನೂ ಹಾಕದೆ ಬಿಟ್ಟಿದ್ದೇವೆ. ಪರಸ್ಥಳದಿಂದ ಬಂದ ಹಾಡುಗಾರರು ಯಾರಿದ್ದರೂ ಪ್ರಸಾದದ ಪಂಕ್ತಿಯ ಹತ್ತಿರ ನನ್ನನ್ನು ಕಾಣಬೇಕು. ಹಾರ್ಮೋನಿಯಂ, ತಬಲಾ ಗುಡಿಯಲ್ಲೇ ಇವೆ.