ನೆರಳು ಗ್ರಂಥಾಲಯಗಳ ವ್ಯಾಜ್ಯ

ಹದಿನೆಂಟನೆಯ ಶತಮಾನದಲ್ಲಿ ಅಲೆಗ್ಸಾಂಡರ್ ಡೊನಾಲ್ಡ್‌ಸನ್ ಎಂಬ ಎಡಿನ್‌ಬರೋ ನಗರದ ಪುಸ್ತಕ ವ್ಯಾಪಾರಿಯೊಬ್ಬನಿದ್ದ. ಜೇಮ್ಸ್ ಥಾಮ್ಸನ್ ಮೊದಲಾದ ಕವಿಗಳ ಕೃತಿಗಳನ್ನು ಅಗ್ಗವಾಗಿ ಮರುಮುದ್ರಿಸಿ, ಲಂಡನ್ನಿನಲ್ಲೇ ಅಂಗಡಿ ತೆರೆದು ಮಾರಿದ. ಗ್ರಂಥಸ್ವಾಮ್ಯ ತಮಗೆ ಶಾಶ್ವತವಾಗಿ ಸಲ್ಲತಕ್ಕದ್ದೆಂದು ಅಲ್ಲಿನ ಪ್ರಕಾಶಕರು ವಾದಿಸಿದರು. 1774ರಲ್ಲಿ ಬ್ರಿಟನ್ನಿನ ಪ್ರಭುಗಳ ಸಭೆ ಆ ವಾದವನ್ನು ತಳ್ಳಿಹಾಕಿತು. ಶಾಸನ ವಿಧಿಸಿದ ಅವಧಿ ತೀರಿದ ಮೇಲೆ ಕೃತಿ ಸರ್ವರ ಸೊತ್ತೆಂದಾಯಿತು. ಅಂತರ್ಜಾಲದ 'ನೆರಳು ಗ್ರಂಥಾಲಯ'ಗಳ ಮೇಲಿನ ದಾವೆಗಳನ್ನು ಕುರಿತು ಓದುವಾಗಲೆಲ್ಲ ನನಗೆ ಈ ಡೊನಾಲ್ಡ್‌ಸನ್ ನೆನಪಾಗುತ್ತಾನೆ. ಹೋಲಿಕೆ ಪೂರ್ತಿ ಹೊಂದದು. ಅವನು ಅವಧಿ ತೀರಿದ ಕೃತಿಗಳನ್ನು ಹಣಕ್ಕೆ ಮಾರಿದ. ಇವರು ಅವಧಿ ತೀರದವನ್ನೂ ಬಿಟ್ಟಿ ಹಂಚುತ್ತಾರೆ.

ಕಜಕಸ್ತಾನದ ತರುಣಿ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಸ್ಥಾಪಿಸಿದ ಸೈ-ಹಬ್ ಇವುಗಳಲ್ಲಿ ಹೆಸರಾದದ್ದು. ವಿಜ್ಞಾನ ಪತ್ರಿಕೆಯ ಒಂದೊಂದು ಪ್ರಬಂಧಕ್ಕೆ 30 ಡಾಲರಿನಷ್ಟು ಬೆಲೆ ತೆರಬೇಕಾಗಿದ್ದ ಕಾಲ ಅದು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಪ್ರಬಂಧ ಬರೆದ ವಿದ್ವಾಂಸನಿಗೆ ಸಂಭಾವನೆಯಿಲ್ಲ, ಅದನ್ನು ಪರಿಶೀಲಿಸಿದವನಿಗೆ ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ. ಅಚ್ಚಾದ ಮೇಲೆ ಅವರದೇ ವಿಶ್ವವಿದ್ಯಾಲಯ ಅದನ್ನು ಹಣ ಕೊಟ್ಟು ಕೊಳ್ಳಬೇಕು! ಸಿರಿವಂತ ಹಾರ್ವರ್ಡ್‌ನ ಅಧ್ಯಾಪಕರ ಸಮಿತಿಯೇ 2012ರಲ್ಲಿ ಈ ಹೊರೆ ತಾಳಲಾಗದೆಂದಿತು. ರಾಯಧನವನ್ನೇ ನಂಬಿ ಬದುಕುವ ಕಾದಂಬರಿಕಾರನ ಪುಸ್ತಕವನ್ನು ಬಿಟ್ಟಿ ಹಂಚುವುದು ಬೇರೆಯೇ ಮಾತು. ಅಂಥವನ ದೂರು ನ್ಯಾಯವಾದುದೆಂದೇ ನನ್ನ ಭಾವನೆ.

2015ರಲ್ಲಿ ಎಲ್ಸೆವಿಯರ್ ಸಂಸ್ಥೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. 2017ರಲ್ಲಿ ಪ್ರತಿವಾದಿಗಳ ಗೈರುಹಾಜರಿಯಲ್ಲೇ 1.5 ಕೋಟಿ ಡಾಲರ್ ಪರಿಹಾರದ ತೀರ್ಪಾಯಿತು. ಹಣ ವಸೂಲಾಗಲಿಲ್ಲ. ವಿಳಾಸಗಳು ಮುಚ್ಚಿದವು, ಹೊಸ ವಿಳಾಸಗಳು ತೆರೆದವು. ಇದಕ್ಕಿಂತ ಜಾಣತನದ ದಾರಿ ರಷ್ಯಾದಲ್ಲಿ ಹುಟ್ಟಿದ ಲೈಬ್ರರಿ ಜೆನೆಸಿಸ್‌ನದು. ಅದು ಪುಸ್ತಕಗಳನ್ನಷ್ಟೇ ಅಲ್ಲ, ತನ್ನ ಸೂಚಿಪಟ್ಟಿಯನ್ನೂ ಯಾರು ಬೇಕಾದರೂ ನಕಲು ಮಾಡಿಕೊಳ್ಳಲೆಂದು ತೆರೆದಿಟ್ಟಿತು. ಆಲದ ಬಿಳಲಿನಂತೆ ಒಂದೊಂದು ನಕಲೂ ಹೊಸ ಬುಡವಾಗಬಲ್ಲದು. 2012ರಲ್ಲಿ ಮ್ಯೂನಿಕ್ ನ್ಯಾಯಾಲಯದ ಆಜ್ಞೆಯ ಹಿಂದೆಯೇ ಲೈಬ್ರರಿ.ಎನ್‌ಯು ಮುಚ್ಚಿತು, ಅಷ್ಟರಲ್ಲಿ ಅದರ ಪುಸ್ತಕಗಳು ಬಹಳಷ್ಟು ಇಲ್ಲಿಗೆ ಸೇರಿಹೋಗಿದ್ದವು.

ವ್ಯಾಜ್ಯ ನಮ್ಮ ದೇಶಕ್ಕೂ ಬಂತು. 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಹಾಗೂ ಅಮೆರಿಕದ ರಸಾಯನಶಾಸ್ತ್ರ ಸಂಘ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕವು. ನ್ಯೂಯಾರ್ಕಿನಲ್ಲಿ ಹಾಜರಾಗದ ಎಲ್ಬಾಕ್ಯಾನ್ ಇಲ್ಲಿ ವಕೀಲರ ಮೂಲಕ ವಾದಿಸಿದರು. ವಿಚಾರಣೆಯ ಕಾಲದಲ್ಲಿ ಹೊಸ ಪ್ರಬಂಧಗಳನ್ನು ಸೇರಿಸುವುದಿಲ್ಲವೆಂದು ಮಾತು ಕೊಟ್ಟರು. ಭಾರತದ ವಿಜ್ಞಾನಿಗಳು ಕೆಲವರು ತಮ್ಮನ್ನೂ ಕೇಳಬೇಕೆಂದು ಮುಂದೆ ಬಂದರು. ಕೊಟ್ಟ ಮಾತು ಮುರಿದಿದೆಯೆಂದು ಕಂಡ ನ್ಯಾಯಾಲಯ 2025ರ ಆಗಸ್ಟಿನಲ್ಲಿ ಸೈ-ಹಬ್ಬನ್ನು ತಡೆಹಿಡಿಯಲು ಆಜ್ಞಾಪಿಸಿತು.

ಇಷ್ಟರೊಳಗೆ ಕೇಂದ್ರ ಸರ್ಕಾರ, 2024ರ ನವೆಂಬರಿನಲ್ಲಿ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತ್ತು. ದೊಡ್ಡ ಕೆಲಸವೇ ಸರಿ. ಆದರೆ ನಿವೃತ್ತ ಅಧ್ಯಾಪಕನಿಗೆ, ಖಾಸಗಿ ಕಾಲೇಜಿನ ಹುಡುಗಿಗೆ, ಯಾವ ಸಂಸ್ಥೆಗೂ ಸೇರದ ಜಿಜ್ಞಾಸುವಿಗೆ ಆ ಬಾಗಿಲು ತೆರೆದಂತಾಗಲಿಲ್ಲ.