ಲೆಕ್ಕವೂ ತಾಳೆಯೂ: ಗಣಿತ ತಂತ್ರಾಂಶಗಳ ಏಳು ದಶಕ

ಗಣಿತದ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ತಂತ್ರಾಂಶಗಳು ಮೊದಲಿನಿಂದಲೂ ಎರಡು ಕವಲುಗಳಾಗಿ ಬೆಳೆದುಬಂದಿವೆ. ಒಂದು ಸಾಂಖ್ಯಿಕ ಗಣನೆ, ಇನ್ನೊಂದು ಸಾಂಕೇತಿಕ ಗಣನೆ. 2ರ ವರ್ಗಮೂಲವನ್ನು ಕೇಳಿದರೆ ಮೊದಲನೆಯದು 1.41421356 ಎಂಬಂಥ ಸಮೀಪದ ಬೆಲೆಯನ್ನು ಇಟ್ಟುಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಎರಡನೆಯದು ಅದನ್ನು ವರ್ಗಮೂಲವೆಂಬ ಚಿಹ್ನೆಯಾಗಿಯೇ ಉಳಿಸಿಕೊಂಡು, ಬೀಜಗಣಿತದ ನಿಯಮಗಳಂತೆ ಕೂಡಿ ಗುಣಿಸಿ, ವರ್ಗ ಮಾಡೆಂದಾಗ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ 2 ಎಂದು ಹೇಳುತ್ತದೆ. ಸೇತುವೆಯ ಭಾರ ಲೆಕ್ಕ ಹಾಕುವ ಎಂಜಿನಿಯರಿಗೆ ಮೊದಲನೆಯದು ಸಾಕು. ಪ್ರಮೇಯ ಸಾಧಿಸುವವರಿಗೆ ಎರಡನೆಯದೇ ಬೇಕು.

ಸಾಂಕೇತಿಕ ಗಣನೆಯ ಚರಿತ್ರೆ 1953ಕ್ಕೆ ಹೋಗುತ್ತದೆ. ಆ ವರ್ಷ ಅಮೆರಿಕದ ಎರಡು ಬೇರೆಬೇರೆ ವಿದ್ಯಾಸಂಸ್ಥೆಗಳಲ್ಲಿ ಗಣಕದಿಂದ ಅವಕಲನ ಮಾಡಿಸುವ ಕುರಿತು ಎರಡು ಪ್ರಬಂಧಗಳು ಸಿದ್ಧವಾದವು. ಅವಕಲನ, ಅಂದರೆ ಒಂದು ಪರಿಮಾಣ ಬದಲಾಗುವ ದರವನ್ನು ಕಂಡುಹಿಡಿಯುವುದು, ನಿಯಮಗಳನ್ನು ಸಾಲಾಗಿ ಅನ್ವಯಿಸುತ್ತ ಹೋದರೆ ಮುಗಿಯುವ ಕೆಲಸ. ಅದರ ವಿಲೋಮವಾದ ಅನುಕಲನ ಹಾಗಲ್ಲ. ಯಾವ ಉಪಾಯ ಎಲ್ಲಿ ಫಲಿಸೀತು ಎಂಬ ಊಹೆ ಅಲ್ಲಿ ಅಭ್ಯಾಸಬಲದಿಂದ ಬರಬೇಕು. ಎಂಐಟಿಯ ಜೇಮ್ಸ್ ಸ್ಲೇಗಲ್ 1961ರಲ್ಲಿ ರಚಿಸಿದ ಸೇಂಟ್ ಎಂಬ ಕ್ರಮವಿಧಿ ಈ ಊಹೆಯನ್ನೇ ಅನುಕರಿಸಿ, ಕೊಟ್ಟ 86 ಅನುಕಲನಗಳಲ್ಲಿ 84ನ್ನು ಬಿಡಿಸಿತು. ಅದೇ ದಶಕದ ಕೊನೆಯಲ್ಲಿ ರಾಬರ್ಟ್ ರಿಶ್ ಅವರು ಊಹೆಗೆ ಬದಲಾಗಿ ಖಚಿತವಾದ ವಿಧಾನವೊಂದನ್ನು ಕೊಟ್ಟರು. ಪರಿಚಿತ ಫಲನಗಳಲ್ಲಿ ಉತ್ತರವಿದ್ದರೆ ಅದು ಸಿಗುತ್ತದೆ, ಇಲ್ಲದಿದ್ದರೆ ಇಲ್ಲವೆಂಬುದೇ ಸಾಬೀತಾಗುತ್ತದೆ. ಭೌತವಿಜ್ಞಾನಿಗಳ ಒತ್ತಾಯವೂ ಈ ಕ್ಷೇತ್ರದ ಬೆಳವಣಿಗೆಯ ಹಿಂದೆ ಇತ್ತು. ಮೂಲಕಣಗಳ ಸಿದ್ಧಾಂತದ ಲೆಕ್ಕಗಳು ಸಾವಿರಾರು ಪದಗಳ ಬೀಜೋಕ್ತಿಗಳಾಗಿ ಹಬ್ಬುತ್ತಿದ್ದುದರಿಂದ, ಮುಂದೆ 1999ರಲ್ಲಿ ನೊಬೆಲ್ ಪಡೆದ ಮಾರ್ಟಿನಸ್ ವೆಲ್ಟ್‌ಮನ್ 1963ರಲ್ಲಿಯೇ ಅದಕ್ಕೆಂದು ಒಂದು ತಂತ್ರಾಂಶವನ್ನು ಬರೆದುಕೊಂಡಿದ್ದರು. 1968ರಲ್ಲಿ ಆಂಟನಿ ಹರ್ನ್ ಅವರ ರೆಡ್ಯೂಸ್ ಎಂಬ ತಂತ್ರಾಂಶ ಬಂದಿತು, ಎಂಐಟಿಯಲ್ಲಿ ಮ್ಯಾಕ್‌ಸಿಮಾ ಎಂಬ ಯೋಜನೆ ಆರಂಭವಾಯಿತು.

ಈ ಕ್ಷೇತ್ರದ ಬಲವನ್ನು ಹೊರಗಿನವರಿಗೆ ಮನಗಾಣಿಸಿದ್ದು ಚಂದ್ರನ ಲೆಕ್ಕ. ಫ್ರಾನ್ಸಿನ ಖಗೋಳಜ್ಞ ಶಾರ್ಲ್ ಡೆಲೊನೆ ಅವರು ಚಂದ್ರನ ಚಲನೆಯ ಸೂತ್ರವನ್ನು ಕೈಯಿಂದಲೇ ಬಿಡಿಸಲು ಹತ್ತು ವರ್ಷ, ಬಿಡಿಸಿದ್ದನ್ನು ತಾಳೆ ನೋಡಲು ಇನ್ನೂ ಹತ್ತು ವರ್ಷ ವ್ಯಯಿಸಿ, 1860 ಮತ್ತು 1867ರಲ್ಲಿ ಎರಡು ಬೃಹತ್ ಸಂಪುಟಗಳನ್ನು ಪ್ರಕಟಿಸಿದ್ದರು. ಒಂದು ಶತಮಾನದ ನಂತರ, 1970ರ ಸುಮಾರಿಗೆ, ಬೋಯಿಂಗ್ ಸಂಸ್ಥೆಯ ಪ್ರಯೋಗಾಲಯದಲ್ಲಿ ದೆಪ್ರಿ, ಆನ್‌ರಾರ್ ಮತ್ತು ರೋಮ್ ಎಂಬ ಮೂವರು ಅದೇ ಲೆಕ್ಕವನ್ನು ಗಣಕದಲ್ಲಿ ಸುಮಾರು 20 ಗಂಟೆಗಳಲ್ಲಿ ಮಾಡಿಸಿದರು. ಡೆಲೊನೆಯವರ ಲೆಕ್ಕದಲ್ಲಿ ಸಿಕ್ಕಿದ ತಪ್ಪುಗಳು ಮೂರೇ, ಅವುಗಳಲ್ಲಿಯೂ ಎರಡು ಮೊದಲ ತಪ್ಪಿನ ಸಂತಾನ. ಗಣಕದ ವೇಗಕ್ಕಿಂತ ಡೆಲೊನೆಯವರ ಎಚ್ಚರವೇ ಇಲ್ಲಿ ಬೆರಗು ಹುಟ್ಟಿಸುತ್ತದೆಂದರೆ ಅತಿಶಯೋಕ್ತಿಯಲ್ಲ. ಅವರು ತಾಳೆ ನೋಡುವುದಕ್ಕೆ ಬಿಡಿಸುವಷ್ಟೇ ಕಾಲವನ್ನು ಮೀಸಲಿಟ್ಟಿದ್ದರು. ಮುಂದಿನ ತಂತ್ರಾಂಶಗಳು ಬಿಡಿಸುವ ಶ್ರಮವನ್ನು ಇಳಿಸಿದಷ್ಟು ಸುಲಭವಾಗಿ ತಾಳೆಯ ಹೊಣೆಯನ್ನು ಇಳಿಸಲಾಗಲಿಲ್ಲ.

ಸಾಂಖ್ಯಿಕ ಗಣನೆಯಲ್ಲಿ ಈ ಹೊಣೆ ಇನ್ನೂ ಸೂಕ್ಷ್ಮವಾದುದು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ತಂದಾಗ, ಸೂತ್ರವನ್ನು ಹೆಚ್ಚುಕಡಿಮೆ ಸೂತ್ರದಂತೆಯೇ ಬರೆದು ಯಂತ್ರಕ್ಕೆ ಕೊಡುವುದು ಸಾಧ್ಯವಾಯಿತು. ಆದರೆ ಯಂತ್ರವು ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದುಗಳ ದ್ವಿಮಾನ ಪದ್ಧತಿಯಲ್ಲಿ, ನಿಗದಿಯಾದಷ್ಟೇ ಸ್ಥಾನಗಳಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯ ಒಂದು ಭಾಗ ದಶಮಾಂಶದಲ್ಲಿ ಹೇಗೆ ಮುಗಿಯದೆ ಓಡುತ್ತದೆಯೋ ಹಾಗೆಯೇ ಹತ್ತನೆಯ ಒಂದು ಭಾಗ ದ್ವಿಮಾನದಲ್ಲಿ ಮುಗಿಯುವುದಿಲ್ಲ, ಬಾಲವನ್ನು ಎಲ್ಲಾದರೂ ಕತ್ತರಿಸಬೇಕು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯೊಂದು ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಕತ್ತರಿಸಿದ ಆ ಬಾಲಗಳು ನೂರು ಗಂಟೆಗಳಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಾಗಿ, ಎದುರಾಳಿಯ ಕ್ಷಿಪಣಿ ತಪ್ಪಿಸಿಕೊಂಡು 28 ಸೈನಿಕರು ಸತ್ತರು. ಇಂಥ ದೋಷಗಳನ್ನು ಹತೋಟಿಯಲ್ಲಿಡುವ ವಿಧಾನಗಳನ್ನು ಪರೀಕ್ಷಿಸಿ, ಯಾರು ಬೇಕಾದರೂ ಬಳಸುವಂತೆ ಕಟ್ಟಿಕೊಟ್ಟದ್ದು 1970ರ ದಶಕದ ಐಸ್‌ಪ್ಯಾಕ್ ಮತ್ತು ಲಿನ್‌ಪ್ಯಾಕ್ ಎಂಬ ಫೋರ್ಟ್ರಾನ್ ಸಂಗ್ರಹಗಳು. ಸಂಖ್ಯೆಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಮಾತೃಕೆಗಳ ಲೆಕ್ಕಕ್ಕೆ ಇಂದಿಗೂ ಅವುಗಳ ವಂಶಜರೇ ಆಧಾರ.

ಆ ಸಂಗ್ರಹಗಳ ರಚನೆಯಲ್ಲಿ ಭಾಗಿಯಾಗಿದ್ದ ಕ್ಲೀವ್ ಮೋಲರ್ ಅವರಿಗೆ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ಅವುಗಳನ್ನು ಬಳಸಬೇಕೆಂಬ ಆಸೆಯಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಅವರು ಬರೆದ ಮ್ಯಾಟ್‌ಲ್ಯಾಬ್‌ನಲ್ಲಿ ಇದ್ದ ದತ್ತಾಂಶ ಪ್ರಕಾರ ಒಂದೇ, ಮಾತೃಕೆ. ಜಾಕ್ ಲಿಟಲ್ ಮತ್ತು ಸ್ಟೀವ್ ಬ್ಯಾಂಗರ್ಟ್ ಅದನ್ನು ಸಿ ಭಾಷೆಯಲ್ಲಿ ಪುನಾರಚಿಸಿದರು. 1984ರಲ್ಲಿ ಮ್ಯಾಥ್‌ವರ್ಕ್ಸ್ ಕಂಪನಿ ಹುಟ್ಟಿದಾಗ ತರಗತಿಯ ಉಪಕರಣ ಮಾರುಕಟ್ಟೆಯ ಸರಕಾಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಮೊದಲಾದ ಮೇಪಲ್, 1988ರ ಜೂನ್‌ನಲ್ಲಿ ಸ್ಟೀಫನ್ ವುಲ್ಫ್‌ರಾಮ್ ಬಿಡುಗಡೆ ಮಾಡಿದ ಮ್ಯಾಥಮ್ಯಾಟಿಕಾ ಇವು ಎರಡು ಕವಲುಗಳನ್ನೂ ಒಂದೇ ತಂತ್ರಾಂಶದೊಳಗೆ ಹೆಣೆದವು. ಮ್ಯಾಥಮ್ಯಾಟಿಕಾದ ನೋಟ್‌ಬುಕ್ ವಿನ್ಯಾಸದಲ್ಲಿ ಬರಹ, ಸೂತ್ರ, ಆದೇಶ, ಉತ್ತರ, ನಕ್ಷೆ ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಕೆಳಗೊಂದು ಬರುತ್ತಿದ್ದವು; ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಲ್ಪನೆ ಇದೇ ಎನ್ನಬಹುದು.

ಮಾರುಕಟ್ಟೆಯ ತಂತ್ರಾಂಶಗಳಿಗೆ ಬೆಲೆಯೊಂದೇ ಅಡ್ಡಿಯಲ್ಲ. ಉತ್ತರ ಬಂದ ದಾರಿ ಬಳಕೆದಾರರಿಗೆ ಕಾಣುವುದಿಲ್ಲ. ಸ್ಪೇನಿನ ಮೂವರು ಗಣಿತಜ್ಞರು 2014ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಂತೆ, ಹೆಸರಾಂತ ತಂತ್ರಾಂಶವೊಂದು ದೊಡ್ಡ ಪೂರ್ಣಾಂಕಗಳ ಮಾತೃಕೆಯ ನಿರ್ಧಾರಕವನ್ನು ತಪ್ಪಾಗಿ ಲೆಕ್ಕ ಹಾಕಿತ್ತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಬೇರೆ ಉತ್ತರ ಕೊಟ್ಟಿತ್ತು. ಇನ್ನೊಂದು ತಂತ್ರಾಂಶದೊಡನೆ ಹೋಲಿಸಿದ್ದರಿಂದಲೇ ಅದು ಬಯಲಾಯಿತು. ಒಳಗಿನ ಸಂಕೇತವನ್ನು, ಅಂದರೆ ಕೋಡನ್ನು, ತೆರೆದು ನೋಡಬಹುದಾದ ಮುಕ್ತ ತಂತ್ರಾಂಶಗಳಿಗೆ ಗಣಿತದಲ್ಲಿರುವ ಬೆಲೆ ಇದರಿಂದ ತಿಳಿಯುತ್ತದೆ. ಮ್ಯಾಟ್‌ಲ್ಯಾಬ್‌ನ ಜಾಡಿನಲ್ಲಿ ಆಕ್ಟೇವ್ ಮತ್ತು ಫ್ರಾನ್ಸಿನ ಸೈಲ್ಯಾಬ್ 1990ರ ದಶಕದಲ್ಲಿ ಬಂದವು. ಎಂಐಟಿಯ ಮ್ಯಾಕ್‌ಸಿಮಾ ಯೋಜನೆಯ ಹಳೆಯ ಸಂಕೇತ 1998ರಲ್ಲಿ ಮ್ಯಾಕ್ಸಿಮಾ ಎಂಬ ಹೆಸರಿನಲ್ಲಿ ಎಲ್ಲರಿಗೂ ದೊರೆಯಿತು. 2005ರಲ್ಲಿ ವಿಲಿಯಂ ಸ್ಟೈನ್ ಆರಂಭಿಸಿದ ಸೇಜ್ ಇರುವ ಮುಕ್ತ ಸಂಗ್ರಹಗಳನ್ನೆಲ್ಲ ಒಂದೇ ಸೂರಿನಡಿ ಕೂಡಿಸಿತು.

ಸೇಜ್ ಹೆಣೆಯಲು ಬಳಸಿದ ಪೈಥಾನ್ ಭಾಷೆ ಗಣಿತಕ್ಕೆಂದು ಹುಟ್ಟಿದ್ದಲ್ಲ. 2006ರ ಹೊತ್ತಿಗೆ ನಂಪೈ ಎಂಬ ಸಂಗ್ರಹ ಅದಕ್ಕೆ ಮಾತೃಕೆಗಳ ಶಕ್ತಿಯನ್ನು ಕೊಟ್ಟಿತು. ಫರ್ನಾಂಡೊ ಪೆರೆಸ್ 2001ರಲ್ಲಿ ಆರಂಭಿಸಿದ ಐಪೈಥಾನ್ ಬೆಳೆದು 2014ರಲ್ಲಿ ಜುಪಿಟರ್ ಎನಿಸಿಕೊಂಡು, ನೋಟ್‌ಬುಕ್ ಕಲ್ಪನೆಯನ್ನು ಉಚಿತವಾಗಿ ಹಂಚಿತು. ಗುರುತ್ವ ತರಂಗಗಳ ಪತ್ತೆಯನ್ನು 2016ರಲ್ಲಿ ಸಾರಿದ ಲೈಗೊ ವಿಜ್ಞಾನಿಗಳು ದತ್ತಾಂಶದ ಜೊತೆಗೆ ಇಂಥ ನೋಟ್‌ಬುಕ್ಕನ್ನೂ ಪ್ರಕಟಿಸಿದ್ದರಿಂದ, ಕಾಲೇಜು ವಿದ್ಯಾರ್ಥಿಯೂ ಆ ಸಂಕೇತವನ್ನು ಮೊದಲಿನಿಂದ ತಾಳೆ ನೋಡಬಹುದಾಯಿತು. ಪೈಥಾನಿನ ದೌರ್ಬಲ್ಯ ಅದರ ನಿಧಾನ. ವೇಗ ಬೇಕಾದ ಭಾಗವನ್ನು ಸಿ ಅಥವಾ ಫೋರ್ಟ್ರಾನಿನಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಹೀಗೆ ಎರಡೆರಡು ಭಾಷೆಗಳಲ್ಲಿ ಬರೆಯುವ ಪಾಡನ್ನು ನೀಗಿಸಲು 2012ರಲ್ಲಿ ಬಂದ ಜೂಲಿಯಾ ಭಾಷೆಯ ನಾಲ್ವರು ನಿರ್ಮಾತೃಗಳಲ್ಲಿ ಒಬ್ಬರು, ಆಧಾರ್ ಯೋಜನೆಯಲ್ಲಿಯೂ ದುಡಿದು ನಂದನ್ ನಿಲೇಕಣಿಯವರೊಡನೆ ಪುಸ್ತಕ ಬರೆದ ವಿರಲ್ ಷಾ.

ಭಾರತದಲ್ಲಿ ಮುಂಬಯಿಯ ಐಐಟಿಯ ಫಾಸೀ ಯೋಜನೆ, ಪ್ರಸಿದ್ಧ ಪಠ್ಯಪುಸ್ತಕಗಳಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳಿಂದಲೇ ಸೈಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ, ಆ ಸಂಕೇತಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದೇ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡ ಧ್ವನಿಯಲ್ಲಿಯೂ ಸಿಗುತ್ತವೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಗಣಿತಕ್ಕೆ ಪ್ರಯೋಗಾಲಯವನ್ನು ಸೇರಿಸಿ, ಅದಕ್ಕೆ ನಾಲ್ಕು ತಂತ್ರಾಂಶಗಳನ್ನು ಸೂಚಿಸಿದೆ: ಮ್ಯಾಥಮ್ಯಾಟಿಕಾ, ಮ್ಯಾಟ್‌ಲ್ಯಾಬ್, ಪೈಥಾನ್, ಸೈಲ್ಯಾಬ್. ಇವುಗಳಲ್ಲಿ ಮೊದಲ ಎರಡಕ್ಕೆ ಪರವಾನಗಿ ಕೊಳ್ಳಬೇಕು. ಉಳಿದೆರಡರ ಸಂಕೇತವನ್ನು ವಿದ್ಯಾರ್ಥಿ ತೆರೆದು ಓದಬಹುದು.